ವೈಫೈಗೆ ಸೇರುವಾಗಲೇ ಕಂಪ್ಯೂಟರ್ ನಿಮ್ಮ ಹೆಸರು ಕೂಗಿಬಿಡುತ್ತದೆ

ಮಾನ್ಯ ಸಂಪಾದಕರೇ,

ಸಾರ್ವಜನಿಕ ವೈಫೈ ಬಳಸುವಾಗ ಹುಷಾರಾಗಿರಿ ಎನ್ನುವ ಬುದ್ಧಿಮಾತು ಪತ್ರಿಕೆಗಳಲ್ಲಿ ಆಗಾಗ ಬರುತ್ತಿರುತ್ತದೆ. ಬ್ಯಾಂಕ್ ವ್ಯವಹಾರ ಬೇಡ, ವಿಳಾಸದ ಪಕ್ಕ ಬೀಗದ ಗುರುತು ಇದೆಯೇ ನೋಡಿ, ವಿಪಿಎನ್ ಹಾಕಿಕೊಳ್ಳಿ ಎನ್ನುತ್ತಾರೆ. ಎಲ್ಲವೂ ಸರಿಯೇ. ಆದರೆ ಇವೆಲ್ಲ ಕೆಲಸಕ್ಕೆ ಬರುವುದು ಸಂಪರ್ಕ ಸಿಕ್ಕ ಮೇಲೆ. ಅದಕ್ಕೂ ಮುಂಚೆ, ಬ್ರೌಸರ್ ತೆರೆಯುವ ಮೊದಲೇ, ನಿಮ್ಮ ಕಂಪ್ಯೂಟರ್ ತನ್ನ ಹೆಸರನ್ನು ಆ ನೆಟ್‌ವರ್ಕಿಗೆಲ್ಲ ಹೇಳಿ ಮುಗಿಸಿರುತ್ತದೆ. ಬಹಳಷ್ಟು ಯಂತ್ರಗಳಲ್ಲಿ ಆ ಹೆಸರಿನೊಳಗೆ ಅದರ ಒಡೆಯರ ಹೆಸರೂ ಇರುತ್ತದೆ. ಈ ಪತ್ರ ಅದರ ಬಗ್ಗೆ.

ನಡೆಯುವುದು ಹೀಗೆ. ವೈಫೈಗೆ ಕೂಡಿಕೊಂಡ ಕೂಡಲೇ ಲ್ಯಾಪ್‌ಟಾಪಿಗೆ ಒಂದು ಐಪಿ ವಿಳಾಸ, ಅಂದರೆ ಆ ಜಾಲದಲ್ಲಿ ಅದನ್ನು ಗುರುತಿಸುವ ಸಂಖ್ಯೆ, ಬೇಕು. ಅದನ್ನು ಕೊಡುವವರು ಯಾರೆಂದು ಅದಕ್ಕೆ ಇನ್ನೂ ಗೊತ್ತಿರುವುದಿಲ್ಲ. ಹಾಗಾಗಿ ಎಲ್ಲರಿಗೂ ಕೇಳಿಸುವಂತೆ "ಯಾರಾದರೂ ನನಗೊಂದು ವಿಳಾಸ ಕೊಡಿ" ಎಂದು ಕೂಗುತ್ತದೆ. ಈ ಕೇಳಿ-ಕೊಡುವ ಪದ್ಧತಿಗೆ ಡಿಎಚ್‌ಸಿಪಿ ಎಂದು ಹೆಸರು. ಆ ಕೂಗನ್ನು ಹೊತ್ತ ಪ್ಯಾಕೆಟ್ಟಿನಲ್ಲಿ, ಅಂದರೆ ಸಂದೇಶದ ಕಟ್ಟಿನಲ್ಲಿ, ಆಪ್ಷನ್ 12 ಎಂಬ ಜಾಗವಿದೆ. 1997ರ ಆರ್‌ಎಫ್‌ಸಿ 2132 ಎಂಬ ಇಂಟರ್ನೆಟ್ ಪದ್ಧತಿಗಳ ದಾಖಲೆಯ ಪ್ರಕಾರ ಅದು ಹೋಸ್ಟ್‌ನೇಮ್, ಅಂದರೆ ಕಂಪ್ಯೂಟರಿನ ಹೆಸರು ಬರೆಯುವ ಜಾಗ. ಪ್ಯಾಕೆಟ್ ಬಿಚ್ಚಿ ನೋಡಿದರೆ ಮೊದಲು 12 ಎಂಬ ಒಂದು ಬೈಟ್, ಆಮೇಲೆ ಹೆಸರಿನ ಉದ್ದ ಹೇಳುವ ಒಂದು ಬೈಟ್, ಅದರ ಹಿಂದೆ ಹೆಸರಿನ ಅಕ್ಷರಗಳು ಸಾಲಾಗಿ. ಉದಾಹರಣೆಗೆ, "ಶಾಲಿನಿ-ಲ್ಯಾಪ್‌ಟಾಪ್" ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಅಡ್ಡಗೆರೆಯೂ ಸೇರಿ 14 ಅಕ್ಷರ. ಹಾಗಾಗಿ 12, 14, ಆಮೇಲೆ ಆ 14 ಅಕ್ಷರಗಳು. ಡಿಎಚ್‌ಸಿಪಿ ಅದಕ್ಕೆ ಯಾವ ಗೂಢಲಿಪಿಯನ್ನೂ ಹಾಕುವುದಿಲ್ಲ. ವಿಳಾಸ ಸಿಗಲು ಈ ಹೆಸರು ಬೇಕಾಗಿಯೂ ಇಲ್ಲ. ಆಪ್ಷನ್ 12 ಖಾಲಿ ಬಿಟ್ಟರೂ ಸಾಮಾನ್ಯ ರೂಟರ್ ವಿಳಾಸ ಕೊಟ್ಟೇ ಕೊಡುತ್ತದೆ.

ವೈಫೈಗೆ ಪಾಸ್‌ವರ್ಡ್ ಇದೆಯಲ್ಲ ಎಂದು ಸಮಾಧಾನ ಮಾಡಿಕೊಳ್ಳುವ ಹಾಗಿಲ್ಲ. ಎಲ್ಲರಿಗೂ ಉದ್ದೇಶಿಸಿದ ಪ್ಯಾಕೆಟ್ಟನ್ನು ವೈಫೈ ಪೆಟ್ಟಿಗೆ ಮತ್ತೆ ಎಲ್ಲರಿಗೂ ಹಂಚುತ್ತದೆ, ಅದಕ್ಕೆ ಬಳಸುವ ಕೀಲಿ ಆ ನೆಟ್‌ವರ್ಕಿನಲ್ಲಿರುವ ಪ್ರತಿಯೊಬ್ಬರ ಹತ್ತಿರವೂ ಇರುತ್ತದೆ. ಪಾಸ್‌ವರ್ಡ್ ಇಲ್ಲದ ಹಳೆಯ ಬಗೆಯ ವೈಫೈಯಲ್ಲಂತೂ ಹೆಸರು ಗಾಳಿಯಲ್ಲಿ ಮುಚ್ಚುಮರೆಯಿಲ್ಲದೆ ಹೋಗುತ್ತದೆ, ಕೇಳಲು ಅದಕ್ಕೆ ಸೇರಿಕೊಳ್ಳುವ ಅಗತ್ಯವೂ ಇಲ್ಲ. ಇನ್ನು ರೂಟರಿನ ಪಟ್ಟಿಯಲ್ಲಿ ಹೆಸರು, ಮ್ಯಾಕ್ ವಿಳಾಸ (ವೈಫೈ ಕಾರ್ಡಿನ ಗುರುತುಸಂಖ್ಯೆ), ಬಂದ ಸಮಯ ಒಂದೇ ಸಾಲಿನಲ್ಲಿ ಕೂರುತ್ತವೆ. ಕೆಲವು ದೊಡ್ಡ ಸಂಸ್ಥೆಗಳ ನೆಟ್‌ವರ್ಕ್‌ಗಳು ಈ ಹೆಸರುಗಳನ್ನು, ಹೆಸರು ಕೇಳಿದರೆ ಐಪಿ ವಿಳಾಸ ಹೇಳುವ ತಮ್ಮ ಡಿಎನ್‌ಎಸ್‌ಗೆ ತಾವೇ ನಕಲು ಮಾಡಿಕೊಳ್ಳುತ್ತವೆ. ಆ ಡಿಎನ್‌ಎಸ್ ಹೊರಗಿನ ಪ್ರಶ್ನೆಗಳಿಗೂ ಉತ್ತರ ಕೊಡುವಂತಿದ್ದರೆ, ಜಗತ್ತಿನ ಯಾವ ಮೂಲೆಯಲ್ಲಿ ಕೂತವರೂ ಅದನ್ನು ಗಂಟೆಗೊಮ್ಮೆ ಕೇಳಿ "ಶಾಲಿನಿ ಬೆಳಿಗ್ಗೆ ಎಷ್ಟು ಹೊತ್ತಿಗೆ ಬಂದರು, ಸಂಜೆ ಯಾವಾಗ ಹೋದರು" ಎಂದು ಬರೆದಿಟ್ಟುಕೊಳ್ಳಬಹುದು.

ಇದರಿಂದ ಏನು ಮಹಾ ಎಂದು ಕೇಳುವವರಿದ್ದಾರೆ. ಒಂದೇ ವೈಫೈ ಹಂಚಿಕೊಂಡಿರುವ ವಸತಿಗೃಹದಲ್ಲಿ ಹೆಂಗಸೊಬ್ಬರ ಹೆಸರಿನ ಯಂತ್ರ ರಾತ್ರಿ ಎಷ್ಟಕ್ಕೆ ಬರುತ್ತದೆ ಎಂದು ಪಕ್ಕದ ಕೋಣೆಯವನಿಗೆ ತಿಳಿಯುವುದು ಸಣ್ಣ ವಿಷಯವಲ್ಲ. ಹಿಂಸೆಯ ಮನೆಬಿಟ್ಟು ಬಂದವರ ಲ್ಯಾಪ್‌ಟಾಪ್ ಹೊಸ ಜಾಗದಲ್ಲೂ ಹಳೆಯ ಹೆಸರನ್ನೇ ಕೂಗುವುದು ಸಣ್ಣ ವಿಷಯವಲ್ಲ. ಸುದ್ದಿಮೂಲವನ್ನು ಭೇಟಿಯಾಗಲು ಹೋದ ವರದಿಗಾರರ ಯಂತ್ರ ಪತ್ರಿಕೆಯ ಹೆಸರನ್ನೂ ಕಚೇರಿ ಆ ಯಂತ್ರಕ್ಕೆ ಕೊಟ್ಟ ಸಂಖ್ಯೆಯನ್ನೂ ಅಲ್ಲಿನ ರೂಟರಿನಲ್ಲಿ ಬಿಟ್ಟು ಬರುವುದೂ ಅಲ್ಲ. ಇದನ್ನೆಲ್ಲ ತಿಳಿಯಲು ಯಾರೂ ಏನನ್ನೂ ಒಡೆಯಬೇಕಾಗಿಲ್ಲ, ಸುಮ್ಮನೆ ಕೇಳಿಸಿಕೊಂಡರೆ ಸಾಕು.

ಹೆಸರು ಅಲ್ಲಿಗೆ ಬಂದದ್ದು ಹೇಗೆ? ಹೆಚ್ಚಿನವರು ಅದನ್ನು ಇಟ್ಟೇ ಇಲ್ಲ. ಯಂತ್ರವನ್ನು ಮೊದಲ ಸಲ ಸಿದ್ಧಪಡಿಸುವಾಗ ನಮ್ಮ ಹೆಸರು ಬರೆದ ಕೂಡಲೇ ಆಪಲ್‌ನ ಮ್ಯಾಕ್ ಕಂಪ್ಯೂಟರ್ ಅದಕ್ಕೆ "ಮ್ಯಾಕ್‌ಬುಕ್" ಅಂಟಿಸುತ್ತದೆ, ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆ ಬಳಕೆದಾರರ ಹೆಸರಿನ ಮುಂದೆ ಯಂತ್ರದ ಮಾದರಿ ಸೇರಿಸಿ ಕೊಡುತ್ತದೆ, ನಾವು ಮುಂದೆ ಒತ್ತಿಬಿಡುತ್ತೇವೆ. ವಿಂಡೋಸ್ 10 ಮತ್ತು 11 ಈ ವಿಷಯದಲ್ಲಿ ವಾಸಿ, "ಡೆಸ್ಕ್‌ಟಾಪ್" ಎಂಬ ಪದದ ಮುಂದೆ ಅಡ್ಡಗೆರೆ ಹಾಕಿ ಮನಬಂದಂತೆ ಆರಿಸಿದ 7 ರ‍್ಯಾಂಡಮ್ ಅಕ್ಷರ ಸೇರಿಸುತ್ತವೆ. ಆದರೆ ಅದು ಒಮ್ಮೆ ಹುಟ್ಟಿದ ಮೇಲೆ ಬದಲಾಗುವುದಿಲ್ಲ.

ಇಲ್ಲೇ ಒಂದು ತಪ್ಪು ತಿಳಿವಳಿಕೆ ಇದೆ. ಹೆಸರು ಅರ್ಥವಿಲ್ಲದ ಅಕ್ಷರಗಳಾಗಿದ್ದರೆ ಗುಟ್ಟು ಉಳಿಯಿತು ಎಂದುಕೊಳ್ಳುತ್ತಾರೆ. ಎಲ್ಲ ಕಡೆಯೂ ಅದೇ ಅರ್ಥವಿಲ್ಲದ ಹೆಸರು ಹೋದರೆ ಅದು ವಾಹನದ ನಂಬರ್ ಪ್ಲೇಟಿನ ಹಾಗೆಯೇ. ಪ್ಲೇಟಿನ ಮೇಲೆ ಒಡೆಯನ ಹೆಸರಿಲ್ಲ ನಿಜ, ಆದರೆ ಅದೇ ಗಾಡಿ ಎಲ್ಲೆಲ್ಲಿಗೆ ಹೋಯಿತು ಎಂಬುದು ಗೊತ್ತಾಗುತ್ತದೆ. ಜಗತ್ತಿನಲ್ಲಿ ಇನ್ಯಾರಿಗೂ ಇಲ್ಲದ ಒಂದು ರ‍್ಯಾಂಡಮ್ ಹೆಸರನ್ನು ಖಾಯಂ ಇಟ್ಟುಕೊಳ್ಳುವುದಕ್ಕಿಂತ, ಸಾವಿರಾರು ಯಂತ್ರಗಳಿಗಿರುವ ಸಾದಾ ಹೆಸರೇ ಎಷ್ಟೋ ಮೇಲು. ಟೇಲ್ಸ್ ಎಂಬ ಗೋಪ್ಯತೆಗೆಂದೇ ಮಾಡಿದ ವ್ಯವಸ್ಥೆ ತನ್ನ ಎಲ್ಲ ಬಳಕೆದಾರರಿಗೂ "ಆಮ್ನೀಸಿಯಾ" ಎಂಬ ಒಂದೇ ಹೋಸ್ಟ್‌ನೇಮ್ ಇಡುವುದು ಇದಕ್ಕೇ.

ಹಾಗಾಗಿ ನನ್ನ ಸಲಹೆಯ ಕ್ರಮ ಇದು: ಮೊದಲು ಹೆಸರು ಕಳಿಸುವುದನ್ನೇ ನಿಲ್ಲಿಸಿ. ಆಗದಿದ್ದರೆ ಎಲ್ಲರಿಗೂ ಇರುವಂಥ ಸಾದಾ ಹೆಸರಿಡಿ. ರ‍್ಯಾಂಡಮ್ ಹೆಸರೇ ಬೇಕೆಂದರೆ ಅದು ಮ್ಯಾಕ್ ವಿಳಾಸದ ಜೊತೆಗೆ, ಅದೇ ಹೊತ್ತಿಗೆ, ವೈಫೈ ಆಫ್ ಇರುವಾಗ ಬದಲಾಗಬೇಕು.

ಮ್ಯಾಕ್ ವಿಳಾಸ ಎಂದರೆ ವೈಫೈ ಕಾರ್ಡಿಗೆ ಕಾರ್ಖಾನೆಯಲ್ಲೇ ಕೊಟ್ಟ 48 ಬಿಟ್‌ಗಳ ಸಂಖ್ಯೆ. ಆಂಡ್ರಾಯ್ಡ್ 10 2019ರಲ್ಲಿ, ಐಫೋನಿನ ಐಓಎಸ್ 14 2020ರಲ್ಲಿ, ನೆಟ್‌ವರ್ಕಿಗೊಂದು ಬೇರೆ ಸಂಖ್ಯೆ ತೋರಿಸುವುದನ್ನು ತಾವಾಗಿಯೇ ಶುರು ಮಾಡಿದವು. ಒಳ್ಳೆಯದೇ ಆಯಿತು. ಆದರೆ ಹೊಸ ಮ್ಯಾಕ್ ವಿಳಾಸದ ಪಕ್ಕದಲ್ಲೇ ಹಳೆಯ ಹೋಸ್ಟ್‌ನೇಮ್ ಕೂತಿದ್ದರೆ ಮಾಡಿದ್ದೆಲ್ಲ ದಂಡ. ಹೊಸ ಹೆಸರಿನ ಪಕ್ಕ ಹಳೆಯ ಮ್ಯಾಕ್ ಇದ್ದರೂ ಅಷ್ಟೇ. ಎರಡನ್ನೂ ಬೇರೆ ಬೇರೆ ದಿನ ಬದಲಿಸಿದರೆ ಇನ್ನೂ ಕೆಟ್ಟದ್ದು, ಒಂದು ಇನ್ನೊಂದನ್ನು ಗುರುತು ಹಿಡಿದು ಕೊಡುತ್ತದೆ. ವೈಫೈ ಆನ್ ಇರುವಾಗಲೇ ಹೆಸರು ಬದಲಿಸಿದರೂ ಇದೇ ಗತಿ. ಡಿಎಚ್‌ಸಿಪಿಯಲ್ಲಿ ವಿಳಾಸ ಕೊಡುವುದು ಗೇಣಿಗೆ ಕೊಟ್ಟ ಹಾಗೆ, ಗೇಣಿಯ ಅರ್ಧ ಅವಧಿ ಕಳೆದಾಗ ಯಂತ್ರ ಮತ್ತೆ ಕೇಳಿ ಮುಂದುವರಿಸಿಕೊಳ್ಳುತ್ತದೆ. ಆ ಕೋರಿಕೆಯಲ್ಲಿ ಹೊಸ ಹೆಸರು ಹೋಯಿತೆಂದರೆ, ರೂಟರಿನ ದಾಖಲೆಯಲ್ಲಿ ಒಂದೇ ಮ್ಯಾಕ್‌ಗೆ ಹಳೆಯದೂ ಹೊಸದೂ ಎರಡೂ ಹೆಸರು ಸೇರಿಕೊಳ್ಳುತ್ತವೆ.

2016ರ ಆರ್‌ಎಫ್‌ಸಿ 7844 ಇದಕ್ಕೆ ಅಚ್ಚುಕಟ್ಟಾದ ವಿಧಾನ ಹೇಳಿದೆ. ಹೆಸರು ಕಳಿಸಬೇಡಿ ಎಂಬುದು ಅದರ ಮೊದಲ ಮಾತು. ಕಳಿಸಲೇಬೇಕಾದರೆ, ಆ ಹೊತ್ತಿನ ಮ್ಯಾಕ್ ವಿಳಾಸಕ್ಕೆ ಯಂತ್ರದೊಳಗೇ ಇರುವ ಒಂದು ಗುಟ್ಟಿನ ಸಂಖ್ಯೆ ಸೇರಿಸಿ, ಎಸ್‌ಎಚ್‌ಎ 256ರಂಥ ಹ್ಯಾಷ್ (ಹಿಂದಕ್ಕೆ ಬಿಡಿಸಲಾಗದ ಲೆಕ್ಕ) ಮಾಡಿ, ಬಂದದ್ದರ ಮೊದಲ 6 ಬೈಟ್ ತೆಗೆದುಕೊಳ್ಳಿ ಎನ್ನುತ್ತದೆ. ಹದಿನಾರರ ಲೆಕ್ಕದಲ್ಲಿ (0ಯಿಂದ 9, ಎಯಿಂದ ಎಫ್) ಬರೆದರೆ ಅದು 12 ಅಕ್ಷರದ ಹೆಸರು. ಮ್ಯಾಕ್ ಬದಲಾದಾಗಲೆಲ್ಲ ಹೆಸರೂ ತಾನಾಗಿ ಬದಲಾಗುತ್ತದೆ, ಹೆಸರಿನಿಂದ ಹಿಂದಕ್ಕೆ ಹೋಗಿ ಮ್ಯಾಕ್ ಹುಡುಕಲು ಆಗುವುದಿಲ್ಲ. ಮರುವರ್ಷ, 2017ರಲ್ಲಿ, ಆರ್‌ಎಫ್‌ಸಿ 8117 ಬಂತು. ಈಗಿನ ಹೋಸ್ಟ್‌ನೇಮ್ ಪದ್ಧತಿಯೇ ಹಾನಿಕರ ಎಂದು ಅದರ ತಲೆಬರಹವೇ ಹೇಳುತ್ತದೆ. ಆಮೇಲೂ ಯಂತ್ರಗಳು ನಮ್ಮ ಹೆಸರು ಅಂಟಿಸಿಕೊಂಡೇ ಹೊರಬರುತ್ತಿರುವುದು ಬೇಸರದ ಸಂಗತಿ.

ಇನ್ನು ಮಾಡುವ ಬಗೆ. ಆಜ್ಞೆಗಳನ್ನು ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ಅದೇ ಉಚ್ಚಾರದ ಇಂಗ್ಲಿಷ್ ಅಕ್ಷರ ಹಾಕಿಕೊಳ್ಳಬೇಕು. "ಚುಕ್ಕಿ" ಎಂದಲ್ಲಿ ಜಾಗ ಬಿಡದೆ ( . ) ಗುರುತು ಹಾಕಬೇಕು.

ಲಿನಕ್ಸ್‌ನ ಹೆಚ್ಚಿನ ಡೆಸ್ಕ್‌ಟಾಪ್‌ಗಳಲ್ಲಿ ವೈಫೈ ನೋಡಿಕೊಳ್ಳುವುದು ನೆಟ್‌ವರ್ಕ್‌ಮ್ಯಾನೇಜರ್. ಅದರ ಆಜ್ಞೆ ಎನ್‌ಎಂಸಿಎಲ್‌ಐ. "ಎನ್‌ಎಂಸಿಎಲ್‌ಐ ಕನೆಕ್ಷನ್ ಮಾಡಿಫೈ" ಎಂದು ಬರೆದು, ಆ ವೈಫೈ ಸಂಪರ್ಕದ ಹೆಸರು ಹಾಕಿ, ಮುಂದೆ "ಐಪಿವಿ4 ಚುಕ್ಕಿ ಡಿಎಚ್‌ಸಿಪಿ-ಸೆಂಡ್-ಹೋಸ್ಟ್‌ನೇಮ್ ನೋ" ಎನ್ನಿ. ಹೊಸ ಬಗೆಯ ಐಪಿ ವಿಳಾಸವಾದ ಐಪಿವಿ6ಕ್ಕೂ ಇದೇ ಸಾಲನ್ನು ಇನ್ನೊಮ್ಮೆ ಹಾಕಿ, ಇದನ್ನು ಮರೆಯುವವರೇ ಹೆಚ್ಚು. ಮ್ಯಾಕ್ ವಿಳಾಸಕ್ಕೆ ಅದೇ ಆಜ್ಞೆಯ ಕೊನೆಯಲ್ಲಿ "ವೈಫೈ ಚುಕ್ಕಿ ಕ್ಲೋನ್ಡ್-ಮ್ಯಾಕ್-ಅಡ್ರೆಸ್ ರ‍್ಯಾಂಡಮ್". ಸಂಪರ್ಕ ಕಡಿದು ಮತ್ತೆ ಕೂಡಿಸಿದ ಮೇಲಷ್ಟೇ ಇವು ಜಾರಿಗೆ ಬರುತ್ತವೆ. ಮನೆಯ ವೈಫೈಗೆ ರ‍್ಯಾಂಡಮ್ ಬದಲು "ಸ್ಟೇಬಲ್" ಎಂದು ಕೊಡುವುದು ಒಳ್ಳೆಯದು, ಆಗ ಆ ಒಂದು ನೆಟ್‌ವರ್ಕಿಗೆ ಯಾವಾಗಲೂ ಒಂದೇ ಮ್ಯಾಕ್ ಹೋಗುತ್ತದೆ. ರೂಟರಿನಲ್ಲಿ ಮ್ಯಾಕ್ ನೋಡಿ ವಿಳಾಸ ಕಾದಿರಿಸಿದ್ದರೆ, ಈ ಹೊಸ ಮ್ಯಾಕನ್ನು ಅಲ್ಲಿ ಒಮ್ಮೆ ತಿದ್ದಿದರೆ ಮುಗಿಯಿತು.

ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ ಎಂಬ ಲಿನಕ್ಸ್‌ನ ಇನ್ನೊಂದು ಸಂಪರ್ಕ ವ್ಯವಸ್ಥೆ ಬಳಸುವವರಿಗೆ ಕೆಲಸ ಇನ್ನೂ ಸುಲಭ. ಡಿಎಚ್‌ಸಿಪಿವಿ4 ವಿಭಾಗದಲ್ಲಿ "ಅನಾನಿಮೈಸ್" ಎಂಬುದಕ್ಕೆ "ಯೆಸ್" ಎಂದರೆ ಆರ್‌ಎಫ್‌ಸಿ 7844ರ ಕ್ರಮ ಜಾರಿಯಾಗುತ್ತದೆ. ಅದರ ಜೊತೆ ಲಿಂಕ್ ಫೈಲಿನಲ್ಲಿ ಮ್ಯಾಕ್ ನೀತಿಯನ್ನೂ ರ‍್ಯಾಂಡಮ್ ಮಾಡದಿದ್ದರೆ ಅರ್ಧ ಕೆಲಸವಷ್ಟೇ ಆದಂತೆ. ಹಳೆಯ ಡಿಎಚ್‌ಕ್ಲೈಂಟ್ ಎಂಬ ತಂತ್ರಾಂಶ ಇರುವ ಡೆಬಿಯನ್ ಲಿನಕ್ಸ್ ಯಂತ್ರಗಳಲ್ಲಿ ಡಿಎಚ್‌ಕ್ಲೈಂಟ್ ಚುಕ್ಕಿ ಕಾನ್ಫ್ ಫೈಲ್ ತೆರೆದು, "ಸೆಂಡ್ ಹೋಸ್ಟ್-ನೇಮ್" ಎಂದು ಶುರುವಾಗುವ ಸಾಲಿನ ಮೊದಲಲ್ಲಿ ಹ್ಯಾಷ್ (#) ಗುರುತು ಹಾಕಿ.

ಹೆಸರನ್ನೇ ಬದಲಿಸಬೇಕೆಂದಿದ್ದರೆ ಅಕ್ಷರಗಳ ನಿಯಮ ಗೊತ್ತಿರಲಿ. ಇಂಗ್ಲಿಷಿನ ಅಕ್ಷರ, ಅಂಕಿ, ಅಡ್ಡಗೆರೆ ಇಷ್ಟೇ. ಶುರುವಿನಲ್ಲೂ ಕೊನೆಯಲ್ಲೂ ಅಡ್ಡಗೆರೆ ಬರಬಾರದು, ಅಂಡರ್‌ಸ್ಕೋರ್ ನಡೆಯುವುದಿಲ್ಲ. ಡಿಎನ್‌ಎಸ್ 63 ಅಕ್ಷರದವರೆಗೆ ಒಪ್ಪುತ್ತದೆ. ವಿಂಡೋಸ್‌ನ ಹಳೆಯ ಹೆಸರು ಪದ್ಧತಿಯಾದ ನೆಟ್‌ಬಯಾಸ್‌ಗೆ ಮಾತ್ರ 15ರ ಮಿತಿ, ಅದನ್ನು ದಾಟಿದರೆ ಬಾಲ ಕತ್ತರಿಸಿಹೋಗುತ್ತದೆ. ಎಂಟು ಹತ್ತು ಅಕ್ಷರಕ್ಕೆ ನಿಲ್ಲಿಸಿದರೆ ಎಲ್ಲ ಕಡೆಯೂ ನಡೆಯುತ್ತದೆ.

ಲಿನಕ್ಸ್‌ನಲ್ಲಿ ಕೈಯಾರೆ ಬದಲಿಸಲು "ಹೋಸ್ಟ್‌ನೇಮ್‌ಸಿಟಿಎಲ್ ಸೆಟ್-ಹೋಸ್ಟ್‌ನೇಮ್" ಸಾಕು. ಪ್ರತಿ ಸಲ ಯಂತ್ರ ಏಳುವಾಗಲೂ ಹೊಸ ಹೆಸರು ಬೇಕೆಂದರೆ ಒಂದು ಸಣ್ಣ ಸ್ಕ್ರಿಪ್ಟ್ ಬರೆಯಬೇಕು. ಡೆವ್ ಫೋಲ್ಡರಿನ ಯುರ‍್ಯಾಂಡಮ್‌ನಿಂದ 4 ಬೈಟ್ ಓದಿ ಹದಿನಾರರ ಲೆಕ್ಕಕ್ಕೆ ತಿರುಗಿಸಿದರೆ 8 ಅಕ್ಷರ ಸಿಗುತ್ತವೆ. ಅದನ್ನು ಇಟಿಸಿ ಫೋಲ್ಡರಿನ ಹೋಸ್ಟ್‌ನೇಮ್ ಫೈಲಿಗೆ ಬರೆದು, ಹೋಸ್ಟ್‌ನೇಮ್ ಆಜ್ಞೆಗೆ ಆ ಫೈಲನ್ನೇ ಓದಲು ಹೇಳಿ. ಸ್ಕ್ರಿಪ್ಟನ್ನು ಸಿಸ್ಟಮ್‌ಡಿಯ "ಒನ್‌ಶಾಟ್" ಬಗೆಯ ಸೇವೆಯಾಗಿ ಮಾಡಿ, "ಬಿಫೋರ್" ಮತ್ತು "ವಾಂಟ್ಸ್" ಎರಡರಲ್ಲೂ "ನೆಟ್‌ವರ್ಕ್-ಪ್ರೀ ಚುಕ್ಕಿ ಟಾರ್ಗೆಟ್" ಕೊಡಿ. ಎರಡನೆಯದನ್ನು ಬಿಟ್ಟರೆ ಆ ಟಾರ್ಗೆಟ್ ಎದ್ದೇಳದೆ ಹೋಗಬಹುದು, ಆಗ ಮೊದಲನೆಯದಕ್ಕೆ ಅರ್ಥವೇ ಇರುವುದಿಲ್ಲ. ಸ್ಕ್ರಿಪ್ಟ್ ಓಡುವಷ್ಟರಲ್ಲಿ ಹಳೆಯ ಹೆಸರು ಹೊರಟುಹೋಗಿರುತ್ತದೆ.

ಹಲವರು ಎಡವುವ ಇನ್ನೊಂದು ಕಲ್ಲು ಇದೆ. ನೆಟ್‌ವರ್ಕ್‌ಮ್ಯಾನೇಜರಿನ ಡಿಸ್ಪ್ಯಾಚರ್ ಫೋಲ್ಡರಿನಲ್ಲಿ "ಪ್ರೀ-ಅಪ್" ಎಂಬ ಜಾಗವಿದೆ. ಹೆಸರು ಕೇಳಿದರೆ ಸಂಪರ್ಕಕ್ಕೂ ಮುಂಚೆ ಓಡುವಂತೆ ತೋರುತ್ತದೆ. ನಿಜದಲ್ಲಿ ಅದು ಓಡುವುದು ಐಪಿ ವಿಳಾಸ ಸಿಕ್ಕ ಮೇಲೆ, ಸಂಪರ್ಕ ಸಿದ್ಧವಾಯಿತು ಎಂದು ಸಾರುವುದಕ್ಕೆ ತುಸು ಮುಂಚೆ. ಅಷ್ಟರಲ್ಲಿ ಡಿಎಚ್‌ಸಿಪಿ ಮುಗಿದಿರುತ್ತದೆ. ಹೆಸರು ಬದಲಿಸುವ ಸ್ಕ್ರಿಪ್ಟನ್ನು ಅಲ್ಲಿಟ್ಟರೆ ಪ್ರತಿ ಸಲವೂ ಹಿಂದಿನ ಜಾಗದ ಹೆಸರೇ ಹೋಗುತ್ತದೆ, ಅಂದರೆ ಎರಡು ಜಾಗಗಳಿಗೆ ನಾವೇ ಗಂಟು ಹಾಕಿದಂತೆ. ಬೂಟ್ ಆಗುವಾಗ ಮಾತ್ರ ಹೆಸರು ಬದಲಿಸುವವರೂ ಒಂದು ಮಾತು ನೆನಪಿಡಬೇಕು: ಮುಚ್ಚಳ ಮುಚ್ಚಿ ತೆರೆಯುವುದು ಬೂಟ್ ಅಲ್ಲ. ಒಂದು ಕಡೆ ಮುಚ್ಚಿ ಇನ್ನೊಂದು ಕಡೆ ತೆರೆದರೆ ಹೆಸರು ಹಾಗೇ ಇರುತ್ತದೆ. ಕಳಿಸದಿರುವುದೇ ಮೇಲು ಎಂದು ನಾನು ಒತ್ತಿ ಹೇಳುವುದಕ್ಕೆ ಇವೇ ಕಾರಣ.

"ಲೋಕಲ್‌ಹೋಸ್ಟ್" ಎಂದು ಹೆಸರಿಟ್ಟರೆ ಮುಗಿಯಿತಲ್ಲ ಎನ್ನುವವರೂ ಉಂಟು. ಹಾಗಿಟ್ಟರೆ ಈ ಯಂತ್ರಕ್ಕೆ ಹೆಸರೇ ಇಲ್ಲ ಎಂದು ನೆಟ್‌ವರ್ಕ್‌ಮ್ಯಾನೇಜರ್ ತಿಳಿದು, ಆಯಾ ನೆಟ್‌ವರ್ಕ್ ಕೊಟ್ಟ ಹೆಸರನ್ನು ತಾನೇ ಹಚ್ಚಿಕೊಳ್ಳಬಹುದು. ಅದರ ಮುಖ್ಯ ಕಾನ್ಫಿಗ್ ಫೈಲಿನ ಮೇನ್ ವಿಭಾಗದಲ್ಲಿ "ಹೋಸ್ಟ್‌ನೇಮ್-ಮೋಡ್" ಅನ್ನು "ನನ್" ಮಾಡಿದರೆ ಈ ತಂಟೆ ಇರುವುದಿಲ್ಲ.

ಹೆಸರು ಬದಲಿಸಿದ ಮೇಲೆ ಮುರಿಯುವ ವಸ್ತುಗಳ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ಇವಕ್ಕೆ ಹೆದರಿಯೇ ಜನ ಮತ್ತೆ ಹಳೆಯ ಹೆಸರಿಗೆ ಮರಳುತ್ತಾರೆ. ಮೊದಲು ದೂರುವುದು ಸುಡೂ ಎಂಬ ಆಡಳಿತಾಧಿಕಾರ ಕೊಡುವ ಆಜ್ಞೆ, "ಈ ಹೋಸ್ಟ್ ಎಲ್ಲಿದೆ ಗೊತ್ತಾಗುತ್ತಿಲ್ಲ" ಎಂದು. ಡೆಬಿಯನ್ ಬಳಗದಲ್ಲಿ ಇಟಿಸಿಯ ಹೋಸ್ಟ್ಸ್ ಫೈಲಿನಲ್ಲಿ 127.0.1.1 ಎಂಬ ಸಾಲಿನ ಮುಂದೆ ಹಳೆಯ ಹೆಸರೇ ಉಳಿದಿರುವುದು ಕಾರಣ. ಸ್ಕ್ರಿಪ್ಟಿನಲ್ಲೇ ಆ ಸಾಲನ್ನೂ ತಿದ್ದಿಬಿಡಿ, ಇಲ್ಲವೇ ಯಂತ್ರದ ಈಗಿನ ಹೆಸರನ್ನು ತಾನೇ ಗುರುತಿಸುವ ಎನ್‌ಎಸ್‌ಎಸ್-ಮೈಹೋಸ್ಟ್‌ನೇಮ್ ಹಾಕಿಕೊಳ್ಳಿ.

ಎರಡನೆಯದು ಕ್ರೋಮಿಯಂ ಬ್ರೌಸರ್. ಇದು ಜನರನ್ನು ನಿಜಕ್ಕೂ ಗಾಬರಿಗೊಳಿಸುತ್ತದೆ. ಬ್ರೌಸರ್ ತೆರೆಯುವುದೇ ಇಲ್ಲ, "ಈ ಪ್ರೊಫೈಲನ್ನು ಬೇರೊಂದು ಕಂಪ್ಯೂಟರಿನಲ್ಲಿ ಬಳಸಲಾಗುತ್ತಿದೆ" ಎಂಬ ಅರ್ಥದ ಸಂದೇಶ ಬರುತ್ತದೆ. ಯಾರೋ ಒಳಹೊಕ್ಕರೆಂದು ಪಾಸ್‌ವರ್ಡ್ ಬದಲಿಸಲು ಓಡುತ್ತಾರೆ. ನಡೆದಿರುವುದು ಇಷ್ಟೇ: ಕ್ರೋಮಿಯಂ ಓಡುವಾಗ ತನ್ನ ಪ್ರೊಫೈಲ್ ಫೋಲ್ಡರಿನಲ್ಲಿ "ಸಿಂಗಲ್ಟನ್‌ಲಾಕ್" ಎಂಬ ಕೊಂಡಿ ಇಡುತ್ತದೆ. ಅದರಲ್ಲಿ ಹೋಸ್ಟ್‌ನೇಮ್, ಅಡ್ಡಗೆರೆ, ಪ್ರೋಸೆಸ್ಸಿನ ಸಂಖ್ಯೆ ಇರುತ್ತವೆ. ಬ್ರೌಸರ್ ಸರಿಯಾಗಿ ಮುಚ್ಚದೆ ಯಂತ್ರ ಆಫ್ ಆಗಿದ್ದರೆ ಕೊಂಡಿ ಹಾಗೇ ಉಳಿಯುತ್ತದೆ. ಮುಂದಿನ ಸಲ ಹೆಸರು ಬೇರೆಯಾಗಿರುವುದರಿಂದ, ಅದು ಇನ್ನೊಂದು ಯಂತ್ರದ ಬೀಗ ಎಂದು ಕ್ರೋಮಿಯಂ ನಂಬುತ್ತದೆ. ಬ್ರೌಸರ್ ಎಲ್ಲೂ ಓಡುತ್ತಿಲ್ಲ ಎಂದು ಖಚಿತ ಮಾಡಿಕೊಂಡು ಆ ಕೊಂಡಿಯೊಂದನ್ನೇ ಅಳಿಸಿದರೆ ಸರಿಹೋಗುತ್ತದೆ. ಪ್ರೊಫೈಲ್ ಫೋಲ್ಡರನ್ನೇ ಅಳಿಸಿ ಬುಕ್‌ಮಾರ್ಕುಗಳನ್ನೆಲ್ಲ ಕಳೆದುಕೊಳ್ಳಬೇಡಿ.

ಲಿನಕ್ಸ್ ತೆರೆಯ ಕಿಟಕಿಗಳನ್ನು ನೋಡಿಕೊಳ್ಳುವ ಎಕ್ಸ್ ವಿಂಡೋ ವ್ಯವಸ್ಥೆಯಲ್ಲಿ ಲಾಗಿನ್ ಆಗಿರುವಾಗಲೇ ಹೆಸರು ಬದಲಿಸಿದರೆ ಕೆಲವು ಯಂತ್ರಗಳಲ್ಲಿ ಹೊಸ ಕಿಟಕಿಗಳು ತೆರೆಯುವುದಿಲ್ಲ, ಎಕ್ಸ್‌ಅಥಾರಿಟಿ ಫೈಲಿನ ಅನುಮತಿ ಹಳೆಯ ಹೆಸರಿಗೆ ಬರೆದಿರುವುದರಿಂದ. ಹೊರಹೋಗಿ ಮತ್ತೆ ಲಾಗಿನ್ ಆದರೆ ಸರಿ. ಲಿನಕ್ಸ್‌ನ ಎಂಡಿಎಡಿಎಂ ಬಳಸಿ ಹಲವು ಡಿಸ್ಕುಗಳನ್ನು ಒಂದು ಗುಂಪಾಗಿ (ರೈಡ್) ಕಟ್ಟಿರುವವರು ಮಾತ್ರ ಎಚ್ಚರ ವಹಿಸಬೇಕು. ಆ ಗುಂಪಿನ ಮೇಲೆ ಅದನ್ನು ಕಟ್ಟಿದ ಯಂತ್ರದ ಹೆಸರು ಬರೆದಿರುತ್ತದೆ. ಹೆಸರು ಹೊಂದದಿದ್ದರೆ ಅದನ್ನು ಪರಕೀಯ ಎಂದು ಬಗೆದು ಎಂಡಿ 127ರಂಥ ಬೇರೆ ಹೆಸರಿನಲ್ಲಿ ಎಬ್ಬಿಸುತ್ತದೆ, ಹಳೆಯ ಹೆಸರು ನಂಬಿದ್ದ, ಡಿಸ್ಕನ್ನು ಜೋಡಿಸುವ ಮೌಂಟ್ ಸಾಲುಗಳು ಬೀಳುತ್ತವೆ. ಮೌಂಟ್ ಪಟ್ಟಿಯಲ್ಲಿ ಸಾಧನದ ಹೆಸರಿನ ಬದಲು ಅದರ ಖಾಯಂ ಗುರುತಾದ ಯುಯುಐಡಿ ಬರೆದಿದ್ದರೆ ಈ ತೊಂದರೆ ಇಲ್ಲ. ಸರ್ವರ್‌ಗಳ ಹೆಸರನ್ನಂತೂ ರ‍್ಯಾಂಡಮ್ ಮಾಡಲೇಬೇಡಿ. ಲಾಗ್ ಸಾಲುಗಳಲ್ಲಿ ಯಾವುದು ಯಾರದೆಂದು ಯಾರಿಗೂ ತಿಳಿಯದಂತಾಗುತ್ತದೆ.

ಡಿಎಚ್‌ಸಿಪಿಯ ಬಾಯಿ ಮುಚ್ಚಿಸಿದರೆ ಸಾಲದು, ಯಂತ್ರಕ್ಕೆ ಬಾಯಿಗಳು ಹಲವು. ಎಂಡಿಎನ್‌ಎಸ್ ಎಂಬುದು ಯುಡಿಪಿ 5353ನೆಯ ಪೋರ್ಟಿನಲ್ಲಿ 224.0.0.251 ಎಂಬ ಗುಂಪು ವಿಳಾಸಕ್ಕೆ "ನಾನು ಶಾಲಿನಿ-ಲ್ಯಾಪ್‌ಟಾಪ್, ಇಲ್ಲಿದ್ದೇನೆ" ಎಂದು ಸಾರುತ್ತದೆ. ಪ್ರಿಂಟರ್ ಹುಡುಕಲು, ಟಿವಿಗೆ ಚಿತ್ರ ಕಳಿಸಲು ಇದು ಬೇಕು. ಹೊರಗಿನ ವೈಫೈಯಲ್ಲಿ ಬೇಡ. ಲಿನಕ್ಸ್‌ನಲ್ಲಿ ಇದನ್ನು ನಡೆಸುವ ಅವಾಹಿಯ ಕಾನ್ಫಿಗ್ ಫೈಲಿನಲ್ಲಿ "ಡಿಸೇಬಲ್-ಪಬ್ಲಿಶಿಂಗ್" ಅನ್ನು "ಯೆಸ್" ಮಾಡಿದರೆ, ಅದು ಬೇರೆಯವರನ್ನು ಹುಡುಕುತ್ತದೆ, ತನ್ನನ್ನು ಸಾರಿಕೊಳ್ಳುವುದಿಲ್ಲ. ಬಹುಪಾಲು ಜನರಿಗೆ ಬೇಕಾಗಿರುವುದೂ ಇಷ್ಟೇ. ಎಲ್‌ಎಲ್‌ಎಂಎನ್‌ಆರ್ ಎಂಬುದು ಪೋರ್ಟ್ 5355ರಲ್ಲಿ ನಡೆಯುವ, ಅಕ್ಕಪಕ್ಕದ ಯಂತ್ರಗಳನ್ನು ಹೆಸರಿನಿಂದ ಹುಡುಕುವ ವಿಂಡೋಸ್ ಪದ್ಧತಿ. ಸಿಸ್ಟಮ್‌ಡಿ-ರಿಸಾಲ್ವ್‌ಡಿಯ ಫೈಲಿನಲ್ಲಿ ಅದನ್ನೂ ಮಲ್ಟಿಕಾಸ್ಟ್ ಡಿಎನ್‌ಎಸ್ಸನ್ನೂ "ನೋ" ಮಾಡಬಹುದು.

ವಿಂಡೋಸ್‌ನಲ್ಲಿ ಹೆಸರು ಬದಲಿಸಲು ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್ ಒಳಗೆ "ರೀನೇಮ್ ದಿಸ್ ಪಿಸಿ" ಇದೆ. ಯಂತ್ರ ಮರುಚಾಲನೆ ಆಗಲೇಬೇಕು. ಕಚೇರಿಯ ಡೊಮೈನಿಗೆ ಸೇರಿದ ಯಂತ್ರವಾದರೆ ಇದಕ್ಕೆ ಕೈಹಾಕಬೇಡಿ, ಅಲ್ಲಿನ ನಿರ್ವಾಹಕರನ್ನೇ ಕೇಳಿ. ಡಿಎಚ್‌ಸಿಪಿಯಲ್ಲಿ ಹೆಸರು ಕಳಿಸಬೇಡ ಎನ್ನುವ ಸ್ವಿಚ್ ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಇಲ್ಲ. ಆದ್ದರಿಂದ ಹುಟ್ಟಿನಿಂದ ಬಂದ "ಡೆಸ್ಕ್‌ಟಾಪ್" ಮಾದರಿಯ ಹೆಸರನ್ನೇ ಉಳಿಸಿಕೊಳ್ಳುವುದು, ಈಗಾಗಲೇ ಸ್ವಂತ ಹೆಸರಿಟ್ಟಿದ್ದರೆ ಅದೇ ಮಾದರಿಗೆ ಮರಳುವುದು ಒಳ್ಳೆಯದು. ಅದೂ ಖಾಯಂ ಆದರೆ ನಂಬರ್ ಪ್ಲೇಟೇ, ಹಾಗಾಗಿ ಅದರ ಕೊನೆಯ ಅಕ್ಷರಗಳನ್ನು ಪ್ರಯಾಣಕ್ಕೆ ಮುಂಚೆ, ಬಂದ ಮೇಲೆ, ಒಮ್ಮೊಮ್ಮೆಯಾದರೂ ಬದಲಿಸಿ. ವೈಫೈ ಸೆಟ್ಟಿಂಗ್ಸ್‌ನಲ್ಲಿರುವ "ರ‍್ಯಾಂಡಮ್ ಹಾರ್ಡ್‌ವೇರ್ ಅಡ್ರೆಸಸ್" ಅನ್ನು ಆನ್ ಮಾಡಿ. ಗ್ರೂಪ್ ಪಾಲಿಸಿಯಲ್ಲಿ ಡಿಎನ್‌ಎಸ್ ಕ್ಲೈಂಟ್ ಕೆಳಗಿರುವ "ಟರ್ನ್ ಆಫ್ ಮಲ್ಟಿಕಾಸ್ಟ್ ನೇಮ್ ರೆಸಲ್ಯೂಶನ್" ಅನ್ನು ಚಾಲ್ತಿಗೊಳಿಸಿದರೆ ಎಲ್‌ಎಲ್‌ಎಂಎನ್‌ಆರ್ ನಿಲ್ಲುತ್ತದೆ. ಇದರಿಂದ ಇನ್ನೊಂದು ಲಾಭವೂ ಇದೆ: ಹೆಸರು ಕೇಳುವ ಪ್ರಶ್ನೆಗೆ ಸುಳ್ಳು ಉತ್ತರ ಕೊಟ್ಟು, ಲಾಗಿನ್ನಿನ ಹ್ಯಾಷ್ ಕದಿಯುವ ಹಳೆಯ ದಾಳಿಯೊಂದಕ್ಕೆ ಬಾಗಿಲು ಮುಚ್ಚುತ್ತದೆ. ಪೋರ್ಟ್ 137ರ ನೆಟ್‌ಬಯಾಸನ್ನು ಅಡಾಪ್ಟರಿನ ಐಪಿವಿ4 ಗುಣಗಳಲ್ಲಿ, ವಿನ್ಸ್ ಟ್ಯಾಬಿನಲ್ಲಿ ಆಫ್ ಮಾಡಬೇಕು.

ಆಪಲ್‌ನ ಮ್ಯಾಕ್‌ನಲ್ಲಿ ಹೆಸರು ಒಂದಲ್ಲ, ಮೂರು. ಕಂಪ್ಯೂಟರ್‌ನೇಮ್, ಲೋಕಲ್‌ಹೋಸ್ಟ್‌ನೇಮ್, ಹೋಸ್ಟ್‌ನೇಮ್. ಒಂದನ್ನು ಬದಲಿಸಿ ಕೆಲಸ ಆಯಿತೆಂದು ಬಿಟ್ಟರೆ ಉಳಿದವು ಹಳೆಯದನ್ನೇ ಹೇಳುತ್ತಿರಬಹುದು. ಟರ್ಮಿನಲ್‌ನಲ್ಲಿ "ಸುಡೂ ಎಸ್‌ಸಿಯುಟಿಲ್, ಎರಡು ಅಡ್ಡಗೆರೆ, ಸೆಟ್" ಎಂದು ಬರೆದು ಮೂರಕ್ಕೂ ಒಂದೊಂದು ಸಲ ಹೊಸ ಹೆಸರು ಕೊಡಬೇಕು. ಐಫೋನಿನಲ್ಲಿ ಸೆಟ್ಟಿಂಗ್ಸ್, ಜನರಲ್, ಅಬೌಟ್, ನೇಮ್ ಎಂಬಲ್ಲಿ ಬರೀ "ಐಫೋನ್" ಎಂದಿಡಿ, ಹಾಟ್‌ಸ್ಪಾಟ್ ಆನ್ ಮಾಡಿದಾಗ ಅಕ್ಕಪಕ್ಕದವರ ಪಟ್ಟಿಯಲ್ಲಿ ಕಾಣುವುದೂ ಇದೇ ಹೆಸರು. ಆಂಡ್ರಾಯ್ಡ್ 8ರಿಂದ ಮೂಲ ಆಂಡ್ರಾಯ್ಡ್ ಡಿಎಚ್‌ಸಿಪಿಯಲ್ಲಿ ಹೆಸರು ಕಳಿಸುವುದನ್ನು ಬಿಟ್ಟಿತ್ತು. ಆದರೆ ತಯಾರಕರು ತಮ್ಮ ಬದಲಾವಣೆ ಮಾಡಿರಬಹುದಾದ್ದರಿಂದ ಫೋನಿನ ಹೆಸರನ್ನು ಸಾದಾ ಮಾಡುವುದರಲ್ಲಿ ನಷ್ಟವೇನೂ ಇಲ್ಲ. ಬ್ಲೂಟೂತ್ ಹೆಸರನ್ನೂ ನೋಡಿ. ಲಿನಕ್ಸ್‌ನಲ್ಲಿ ಅದು ಸಾಮಾನ್ಯವಾಗಿ ಹೋಸ್ಟ್‌ನೇಮ್‌ನಿಂದಲೇ ಬರುತ್ತದೆ.

ಹೋಸ್ಟ್‌ನೇಮ್ ನೆಟ್‌ವರ್ಕಿನಾಚೆಗೂ ಹೋಗುವ ಒಂದೆರಡು ದಾರಿಗಳಿವೆ. ದೂರದ ಸರ್ವರಿಗೆ ಲಾಗಿನ್ ಆಗಲು ಎಸ್‌ಎಸ್‌ಎಚ್ ಕೀಲಿ ಮಾಡಿದಾಗ ಅದರ ಕೊನೆಯಲ್ಲಿ ಬಳಕೆದಾರ, ಅಟ್ ಗುರುತು, ಹೋಸ್ಟ್‌ನೇಮ್ ತಾನಾಗಿ ಸೇರಿಕೊಳ್ಳುತ್ತದೆ, ಕೀಲಿ ಹಾಕಿದ ಪ್ರತಿ ಸರ್ವರಿನಲ್ಲೂ ಅದು ಕೂರುತ್ತದೆ. ಕೀಲಿ ಮಾಡುವಾಗಲೇ ದೊಡ್ಡಕ್ಷರದ "ಸಿ" ಆಯ್ಕೆ ಕೊಟ್ಟು ಬೇರೆ ಟಿಪ್ಪಣಿ ಬರೆಯಿರಿ. ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನಲ್ಲಿ ಇಮೇಲ್ ಹೊಂದಿಸದೆ ಕಮಿಟ್ ಮಾಡಿದರೆ ಹೋಸ್ಟ್‌ನೇಮ್ ಸೇರಿಸಿ ತಾನೇ ಒಂದು ವಿಳಾಸ ಕಟ್ಟಿಕೊಳ್ಳಬಹುದು, ಅದು ಆ ಇತಿಹಾಸದಲ್ಲಿ ಉಳಿದುಬಿಡುತ್ತದೆ.

ಮಾಡಿದ್ದು ಫಲಿಸಿತೇ ಎಂದು ನೋಡದೆ ನಂಬಬಾರದು. ಪ್ಯಾಕೆಟ್‌ಗಳನ್ನು ಬಿಚ್ಚಿ ತೋರಿಸುವ ಟಿಸಿಪಿಡಂಪ್ ಅಥವಾ ವೈರ್‌ಶಾರ್ಕ್ ತೆರೆದು ಪೋರ್ಟ್ 67, 68, 5353, 5355, 137 ಇಷ್ಟನ್ನು ಸೋಸಿ, ವೈಫೈ ಆಫ್ ಮಾಡಿ ಮತ್ತೆ ಆನ್ ಮಾಡಿ. ಟಿಸಿಪಿಡಂಪ್‌ಗೆ ವಿವರ ಹೆಚ್ಚಿಸುವ "ವಿ" ಆಯ್ಕೆ ಎರಡು ಸಲ ಕೊಟ್ಟರೆ ಡಿಎಚ್‌ಸಿಪಿಯ ಆಪ್ಷನ್‌ಗಳನ್ನು ಒಂದೊಂದಾಗಿ ಬಿಡಿಸಿ ತೋರಿಸುತ್ತದೆ. ಅಲ್ಲಿ ಹೋಸ್ಟ್‌ನೇಮ್ ಎಂಬ ಸಾಲೇ ಇರಬಾರದು. ಆಪ್ಷನ್ 81 ಕೂಡ ಇರಬಾರದು, ಪೂರ್ತಿ ಡೊಮೈನ್ ಹೆಸರು ಹೋಗುವುದು ಅದರಲ್ಲಿ. ಆಪ್ಷನ್ 12 ಹೋಯಿತೆಂದು ಖುಷಿಪಟ್ಟು 81 ನೋಡದೆ ಬಿಟ್ಟರೆ ಹೆಸರು ಹಿಂಬಾಗಿಲಿನಿಂದ ಹೋಗುತ್ತಿರುತ್ತದೆ. ಆಪ್ಷನ್ 50 ಕಂಡರೆ ಯಂತ್ರ ಯಾವ ವಿಳಾಸ ಕೇಳುತ್ತಿದೆ ನೋಡಿ. ಹೊಸ ನೆಟ್‌ವರ್ಕಿಗೆ ಕಳಿಸಿದ ಮೊದಲ ಕೂಗಿನಲ್ಲೇ ಹಿಂದಿನ ಜಾಗದ ವಿಳಾಸವನ್ನು ಕೇಳುತ್ತಿದ್ದರೆ ಹಳೆಯ ಗೇಣಿಯ ಫೈಲನ್ನು ಅಳಿಸಬೇಕು.

ಇಷ್ಟೆಲ್ಲ ಮಾಡಿದರೂ ಪೂರ್ತಿ ಅದೃಶ್ಯರಾಗುವುದಿಲ್ಲ. ಆಪ್ಷನ್ 55ರಲ್ಲಿ ಯಂತ್ರ ಏನೇನು ಕೇಳುತ್ತದೆ, ಯಾವ ಕ್ರಮದಲ್ಲಿ ಕೇಳುತ್ತದೆ ಎಂಬುದರಿಂದ ಅದು ವಿಂಡೋಸೋ ಲಿನಕ್ಸೋ ಎಂದು ಊಹಿಸಬಹುದು. ವಿಂಡೋಸ್ ಆಪ್ಷನ್ 60ರಲ್ಲಿ ತಾನೇ ಹೇಳಿಕೊಳ್ಳುತ್ತದೆ. ಐಪಿವಿ6ರ ಡಿಯುಐಡಿ ಎಂಬ ಗುರುತು ಮಷೀನ್-ಐಡಿಯಿಂದ ಹುಟ್ಟಿದ್ದರೆ ಮ್ಯಾಕ್ ಬದಲಾದರೂ ಬದಲಾಗದೆ ಉಳಿಯಬಹುದು. ಮೊಬೈಲ್ ಸಂಖ್ಯೆ ಕೊಟ್ಟು ಒಟಿಪಿ ಹಾಕಿ ಸೇರುವ ವೈಫೈಯಲ್ಲಿ ನೀವು ಯಾರೆಂದು ಅದನ್ನು ನಡೆಸುವವರಿಗೆ ಗೊತ್ತೇ ಇರುತ್ತದೆ. ಅಲ್ಲಿ ತಪ್ಪುವುದು ಅಕ್ಕಪಕ್ಕ ಕೂತವರ ಕಣ್ಣು ಮಾತ್ರ. ಅಷ್ಟಾದರೂ ತಪ್ಪಲಿ.

ಕೊನೆಗೆ ನೆಟ್‌ವರ್ಕ್ ನಡೆಸುವವರಲ್ಲಿ ಎರಡು ವಿನಂತಿ. ಡಿಎಚ್‌ಸಿಪಿಯಿಂದ ಬಂದ ಹೆಸರುಗಳನ್ನು ಹೊರಜಗತ್ತಿಗೆ ಕಾಣುವ ಡಿಎನ್‌ಎಸ್‌ಗೆ ಸೇರಿಸುವುದನ್ನು ನಿಲ್ಲಿಸಿ. ಸೇರಿಸಲೇಬೇಕಾದರೆ ಐಪಿ ಸಂಖ್ಯೆಯಿಂದ ಕಟ್ಟಿದ ಹೆಸರು ಹಾಕಿ. ಮತ್ತು ರೂಟರಿನ ಪಟ್ಟಿಯಲ್ಲಿ ಹೆಸರಿಲ್ಲದ ಯಂತ್ರ ಕಂಡರೆ ಅನುಮಾನಪಟ್ಟು ಬ್ಲಾಕ್ ಮಾಡಬೇಡಿ. ಅದರ ಮ್ಯಾಕ್ ವಿಳಾಸದ ಎರಡನೆಯ ಅಕ್ಷರ 2, 6, ಎ, ಇ ಇವುಗಳಲ್ಲಿ ಒಂದಾಗಿದ್ದರೆ ಅದು ತಂತ್ರಾಂಶವೇ ಹುಟ್ಟಿಸಿಕೊಂಡ ವಿಳಾಸ. ಹೆಚ್ಚಿನ ಸಲ ಅದು ತನ್ನ ಪಾಡಿಗೆ ತಾನಿರಲು ಬಯಸುವ ಒಬ್ಬರ ಫೋನೋ ಲ್ಯಾಪ್‌ಟಾಪೋ ಆಗಿರುತ್ತದೆ.

ಇತಿ,
ನಿಮ್ಮ ಓದುಗ